ನೋಟ ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಫ್ಯಾಷನ್ನಿನ ತವರಾದ ಪ್ಯಾರಿಸ್‌ನಲ್ಲೂ ಇದೇ ಕಥೆ.

1800ರ ಆದೇಶದಂತೆ ಅಲ್ಲಿನ ಹೆಂಗಸರು ಗಂಡಸರಂತೆ ಪ್ಯಾಂಟ್ ತೊಡಲು ಪೊಲೀಸರ ಪರವಾನಗಿ ಬೇಕಿತ್ತು. ಪ್ರಾಣಿಗಳ ಚಿತ್ರಗಳಿಗೆ ಹೆಸರಾದ ರೋಸಾ ಬೊನರ್ ದನದ ಸಂತೆಗೆ ಹೋಗಲು ಅದನ್ನು ಪಡೆದಿದ್ದರು. ಮುಂದೆ ಸೈಕಲ್, ಕುದುರೆ ಸವಾರಿಗಷ್ಟೇ ವಿನಾಯಿತಿ ಸಿಕ್ಕಿತು. 1966ರಲ್ಲಿ ಈವ್ ಸಾಂ ಲೊರಾಂ ಗಂಡಸರ ಕೋಟು-ಪ್ಯಾಂಟನ್ನೇ ಮಹಿಳೆಯರಿಗೆ ಹೊಲಿಸಿದಾಗಲೂ ಆದೇಶ ಕಾಗದದಲ್ಲಿ ಉಳಿದೇ ಇತ್ತು. ಅದು ಸಿಂಧುವಲ್ಲ ಎಂದು ಸಚಿವೆಯೊಬ್ಬರು ಅಧಿಕೃತವಾಗಿ ಹೇಳಿದ್ದು 2013ರಲ್ಲಿ!

ನಾನು ಆಫೀಸಿಗೆ ಪ್ಯಾಂಟ್ ತೊಡುತ್ತೇನೆ, ಹಬ್ಬಕ್ಕೆ ಇಳಕಲ್ ಸೀರೆ ಉಡುತ್ತೇನೆ. ನಮ್ಮ ಹೆಣ್ಣುಮಕ್ಕಳಿಗೆ ಗಾದೆಯನ್ನು ಕೊಂಚ ತಿದ್ದಿ ಹೇಳೋಣ: ಊಟವೂ ನಿನ್ನಿಚ್ಛೆ, ನೋಟವೂ ನಿನ್ನಿಚ್ಛೆ.