ಮೊದಲು ಹೇಳುವವರ ಬಾಯಿ ಶುದ್ಧವಾಗಲಿ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ಹಾಲಿನ ಬಗ್ಗೆ ಹೇಳುತ್ತಿದ್ದೆ. ಹಾಲು ಹಿಂಡುವಾಗ ತಂಬಾಕು ತಿನ್ನಬಾರದು, ಕೊಟ್ಟಿಗೆಯಲ್ಲಿ ಉಗುಳಬಾರದು ಎಂದೆ. ಒಬ್ಬ ಆಯಿ ಎದ್ದು, "ಸಾಹೇಬ್ರ, ನಿಮ್ಮ ಗಲ್ಲದಾಗ ಏನದರೀ?" ಎಂದು ಕೇಳಿದರು. ಇದ್ದದ್ದು ತಂಬಾಕು. ಅಂದು ನನ್ನ ಮಾತಿಗೆ ಬೆಲೆ ಉಳಿಯಲಿಲ್ಲ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ತಿರುಗಿ, ಜೋಳಿಗೆ ಒಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ನುಡಿದಂತೆ ನಡೆದವರ ಜೋಳಿಗೆ ತುಂಬಿತು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ.

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಶಾಲೆಯ ಗುರುಗಳೇ, ಊರ ಹುಡುಗರು ನಮ್ಮ ಭಾಷಣಕ್ಕಿಂತ ನಮ್ಮ ನಡತೆಯನ್ನು ನೋಡುತ್ತಾರೆ. ಕುಡಿದು ಬಂದವರು ಬರೆದ ಫ್ಯಾಟ್ ಲೆಕ್ಕವನ್ನು ಯಾರು ನಂಬುತ್ತಾರೆ? ಬಾಯಲ್ಲಿ ತಂಬಾಕಿಟ್ಟು ಕ್ಯಾನಿನ ಮೇಲೆ ಬಗ್ಗಿ ಮಾತಾಡಿದರೆ ಒಬ್ಬರ ಉಗುಳು ಇಡೀ ಊರಿನ ಹಾಲು ಸೇರುತ್ತದೆ.

ಬಿಡುವುದು ಸುಲಭವಲ್ಲ. ನಾನು ಎರಡು ಸಲ ಬಿಟ್ಟು ಮತ್ತೆ ಹಿಡಿದೆ, ಮೂರನೆಯ ಸಲ ಗೆದ್ದೆ. ದಿನವೂ ಕುಡಿಯುವವರು ವೈದ್ಯರ ಸಲಹೆ ಪಡೆದೇ ಬಿಡಿರಿ. ಮೊದಲು ನಾವು ಬಿಡೋಣ, ಆಮೇಲೆ ಊರಿಗೆ ಹೇಳೋಣ.