ಔಡಲೆಣ್ಣೆ ವಾಸನೆಯ ಹೆಲಿಕಾಪ್ಟರು



ಟೇಪು ಕತ್ತರಿಸಲಿಕ್ಕೆ ನನ್ನನ್ನು ಕರೆದಿದ್ದಾರೆ. ಕತ್ತರಿಯನ್ನು ತಟ್ಟೆಯಲ್ಲೇ ಬಿಟ್ಟು ಬಂದಿದ್ದೇನೆ. ಮರೆತು ಬಂದದ್ದಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಳಗೆ ಮೇಜಿನ ಮೇಲೆ ಜೋಡಿಸಿಟ್ಟ ರೇಡಿಯೊದಿಂದ ನಡೆಸುವ ಹಳೆಯ ಮಾದರಿ ಹೆಲಿಕಾಪ್ಟರುಗಳನ್ನು ಬೆಳಿಗ್ಗೆಯೇ ಹೋಗಿ ಕಂಡೆ. ಕಂಡೆ ಅನ್ನುವುದಕ್ಕಿಂತ ಮೂಸಿದೆ ಅನ್ನುವುದು ಸರಿ. ಇಪ್ಪತ್ತೈದು ಮೂವತ್ತು ವರ್ಷ ಅಟ್ಟದ ಮೇಲೆ ಕೂತಿದ್ದ ಯಂತ್ರಗಳು ಅವು. ಆದರೂ ಮೂಗು ಹತ್ತಿರ ಒಯ್ದರೆ ಔಡಲೆಣ್ಣೆ ವಾಸನೆ! ನಮ್ಮಜ್ಜಿಯ ತಲೆಯದೇ ವಾಸನೆ. ಹೊಲದ ಬದುವಿನಲ್ಲಿ ಬೆಳೆಯುವ ಔಡಲ, ಕುದಿಸಿ ತೆಗೆದ ಎಣ್ಣೆ, ಎಣ್ಣೆಸ್ನಾನ, ಕಣ್ಣುರಿ. ಅದಕ್ಕೂ ಜಪಾನಿನಲ್ಲಿ ತಯಾರಾದ ಹೆಲಿಕಾಪ್ಟರಿಗೂ ಏನು ನಂಟು ಅಂತ ನೀವು ಕೇಳಬೇಕು.

ನಂಟು ಇದೆ. ಈ ಪುಟ್ಟ ಎಂಜಿನ್ನುಗಳು ಪೆಟ್ರೋಲ್ ಕುಡಿಯುವುದಿಲ್ಲ, ಮೆಥನಾಲ್ ಕುಡಿಯುತ್ತವೆ. ಎಂಜಿನ್ನಿಗೆ ಬೇರೆಯಾಗಿ ಆಯಿಲ್ ಹಾಕುವ ಜಾಗವಿಲ್ಲ, ಇಂಧನದಲ್ಲೇ ಬೆರೆಸಬೇಕು. ನಮ್ಮ ಮೋಟರ್ ಸೈಕಲ್ಲಿನ ಖನಿಜ ತೈಲವನ್ನು ಮೆಥನಾಲಿಗೆ ಹಾಕಿ, ಅದು ಬೆರೆಯದೆ ಬೇರೆಯೇ ನಿಲ್ಲುತ್ತದೆ. ಔಡಲೆಣ್ಣೆ ಮಾತ್ರ ಚೆನ್ನಾಗಿ ಕೂಡಿಕೊಳ್ಳುತ್ತದೆ, ಎಷ್ಟು ಕಾದರೂ ಜಿಡ್ಡು ಬಿಡುವುದಿಲ್ಲ. ಹಾಗಾಗಿ ಐದು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು ಔಡಲೆಣ್ಣೆ. ಅರ್ಧ ಸುಟ್ಟು, ಅರ್ಧ ಸುಡದೆ ಸೈಲೆನ್ಸರಿನಿಂದ ಹೊರಗೆ ಬಂದು ಹಾರಿಸುವವನ ಅಂಗಿ, ಮೀಸೆ, ಊಟದ ಡಬ್ಬಿ ಎಲ್ಲದಕ್ಕೂ ಹತ್ತುತ್ತಿತ್ತು. ಆ ಅಂಗಿಗಳನ್ನು ನನ್ನ ಹೆಂಡತಿ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಚರಿತ್ರೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ರೇಡಿಯೊದಿಂದ ನಡೆಸುವ ಮಾದರಿ ವಿಮಾನಗಳು 1930ರ ದಶಕದಲ್ಲೇ ಹಾರಿದವು. ಹೆಲಿಕಾಪ್ಟರು ಮಾತ್ರ ಮತ್ತೆ ಮೂರು ದಶಕ ಕೈಗೆ ಸಿಗಲಿಲ್ಲ. ಜರ್ಮನಿಯ ಡೀಟರ್ ಶ್ಲೂಟರ್ 1970ರ ಸುಮಾರಿಗೆ ಅದನ್ನು ಪಳಗಿಸಿದರು. ಆಮೇಲೆ ಜಪಾನಿನ ಕಾಲ್ಟ್, ಹಿರೋಬೊ, ಕ್ಯೋಶೋ ಬಂದವು. ಹಿರೋಬೊದವರ ಒಂದು ಮಾದರಿಯ ಹೆಸರು ಶಟ್ಲ್. ಪಟ್ಟೆದಂಚಿನ ಸೀರೆ ನೇಯುವ ಈ ಗಜೇಂದ್ರಗಡದಲ್ಲಿ ಶಟ್ಲ್ ಅಂದರೆ ಲಾಳಿ! ಒಳಗಿನ ಚೀಟಿಯಲ್ಲಿ ಯಾರೋ ಪುಣ್ಯಾತ್ಮರು 'ಹಿರೋಬೊ ಲಾಳಿ' ಅಂತಲೇ ಬರೆದಿದ್ದಾರೆ. ದಯವಿಟ್ಟು ತಿದ್ದಬೇಡಿ.

ಮೂರು ದಶಕ ಯಾಕೆ ತಡವಾಯಿತು? ವಿಮಾನಕ್ಕೆ ಹಾರುವ ಮನಸ್ಸಿದೆ. ಕೈಬಿಟ್ಟರೂ ಒಂದಿಷ್ಟು ದೂರ ತೇಲಿಕೊಂಡು ಹೋಗುತ್ತದೆ. ಹೆಲಿಕಾಪ್ಟರಿನ ಮನಸ್ಸೆಲ್ಲ ಬೀಳುವ ಕಡೆಗೆ. ಎಡಕ್ಕೆ ವಾಲಿತೋ, ತಾನಾಗಿ ನೆಟ್ಟಗಾಗುವುದಿಲ್ಲ, ಇನ್ನೂ ಎಡಕ್ಕೇ ಜಾರುತ್ತದೆ. ಅದರ ಮೇಲೆ ಇನ್ನೊಂದು ತೊಡಕು. ನಿಮ್ಮ ಬಗರಿಯನ್ನು ನೆನಪು ಮಾಡಿಕೊಳ್ಳಿ, ಮಕ್ಕಳೆ. ಗಿರಗಿರನೆ ತಿರುಗುವ ಬಗರಿಯನ್ನು ಮೆಲ್ಲಗೆ ಮುಂದಕ್ಕೆ ದೂಡಿದರೆ ಅದು ಮುಂದಕ್ಕೆ ವಾಲುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಹೆಲಿಕಾಪ್ಟರಿನ ರೆಕ್ಕೆಯೂ ಒಂದು ದೊಡ್ಡ ಬಗರಿಯೇ. ಮುಂದಕ್ಕೆ ಬಾಗಬೇಕಾದರೆ ತಳ್ಳು ಕಾಲು ಸುತ್ತು ಮೊದಲೇ ಬೀಳಬೇಕು.

ಒಳಗೆ ಹೋದಾಗ ಪ್ರತಿ ಹಳೆಯ ಯಂತ್ರದ ತಲೆಯ ಮೇಲೆ ಒಂದು ಕಡ್ಡಿ ಅಡ್ಡ ಇರುವುದನ್ನು ನೋಡಿ. ಅದರ ಎರಡು ತುದಿಗೆ ಪುಟ್ಟ ಹುಟ್ಟುಗಳಿವೆ. ಅದನ್ನು ಫ್ಲೈಬಾರ್ ಅನ್ನುತ್ತಿದ್ದೆವು. ನಾವು ಕೈಯಲ್ಲಿ ಹಿಡಿದ ಸ್ಟಿಕ್ಕು ನೇರ ದೊಡ್ಡ ರೆಕ್ಕೆಯನ್ನು ಆಳುವುದಲ್ಲ. ಮುಖ್ಯವಾಗಿ ಈ ಹುಟ್ಟುಗಳನ್ನು ತಿರುವುತ್ತದೆ, ಹುಟ್ಟು ಕಡ್ಡಿಯನ್ನು ಬಾಗಿಸುತ್ತದೆ, ಕಡ್ಡಿ ರೆಕ್ಕೆಗೆ ಬುದ್ಧಿ ಹೇಳುತ್ತದೆ. ಸೊಸೆಗೆ ಹೇಳುವ ಮಾತನ್ನು ಮಗಳಿಗೆ ಹೇಳಿದ ಹಾಗೆ. ನಡುವೆ ಈ ಕಡ್ಡಿ ಇದ್ದದ್ದರಿಂದ ಯಂತ್ರದ ಚಂಚಲತೆ ನಮ್ಮ ಬೆರಳಿನ ವೇಗಕ್ಕೆ ಇಳಿಯುತ್ತಿತ್ತು. ಈ ಹುಟ್ಟುಗಳ ಉಪಾಯ ಅಮೆರಿಕದ ಸ್ಟ್ಯಾನ್ಲಿ ಹಿಲ್ಲರ್ ಎಂಬವನದು. 1944ರಲ್ಲಿ ತಾನೇ ಕಟ್ಟಿದ ಮೊದಲ ಹೆಲಿಕಾಪ್ಟರನ್ನು ಹಾರಿಸಿದಾಗ ಅವನಿಗೆ 19 ವರ್ಷ. ಈಗಿನ ಯಂತ್ರಗಳಲ್ಲಿ ಈ ಕಡ್ಡಿ ಇಲ್ಲ, ಅದರ ಕೆಲಸವನ್ನು ಒಂದು ಚಿಪ್ಪು ಮಾಡುತ್ತದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಎಚ್‌ಎಎಲ್‌ನವರ ಚೇತಕ್ ದಿನಾ ತಲೆಯ ಮೇಲೆ ಹಾರುತ್ತಿತ್ತು. ಕತ್ತೆತ್ತಿ ನೋಡಿ ನೋಡಿ ಹುಚ್ಚು ಹಿಡಿಯಿತು. ಎರಡು ವರ್ಷದ ಬೋನಸ್ಸು ಒಟ್ಟುಮಾಡಿ ಒಬ್ಬರಿಂದ ಹಳೆಯ ಯಂತ್ರ ಕೊಂಡೆ. ಐದು ಸಿಸಿ ಎಂಜಿನ್ನು, ಒಂದೂಕಾಲು ಮೀಟರಿನ ರೆಕ್ಕೆ, ಮೂರು ಕಿಲೋ ತೂಕ. ಒಣಗಿದ ಕೆರೆಯಂಗಳದಲ್ಲಿ ಕಲಿಕೆ. ಕೆಳಗೆ ಬಿದಿರು ಕಡ್ಡಿಗಳನ್ನು ಅಡ್ಡ ಕಟ್ಟಿ, ತುದಿಗೆ ಚೆಂಡು ಸಿಕ್ಕಿಸಿ, ಎರಡು ತಿಂಗಳು ನೆಲದ ಮೇಲೇ ತೆವಳಿಸಿದೆ. ಮೇಲೇಳಿಸಿದ ಮೇಲೂ ಬಾಲ ನಮ್ಮ ಕಡೆಗೆ ಇದ್ದಷ್ಟು ಹೊತ್ತು ಮಾತ್ರ ನಾವು ಶೂರರು. ಮೂತಿ ನಮ್ಮ ಕಡೆ ತಿರುಗಿತೋ ಎಡ ಬಲ ಅದಲುಬದಲು. ಒಕ್ಕಲುತನ ಮಾಡಿದವರಿಗೆ ಇದು ಗೊತ್ತು. ನೊಗದ ಹಿಂದೆ ನಿಂತವನಿಗೆ ಎಡದ ಎತ್ತು ಎಡದ್ದೇ, ಎತ್ತಿನ ಮುಂದೆ ನಿಂತು ಹಗ್ಗ ಹಿಡಿದವನಿಗೆ ಅದು ಬಲದ್ದು. ಎತ್ತಿಗಾದರೆ ಯೋಚಿಸಲು ಒಂದು ಹೆಜ್ಜೆಯಷ್ಟು ಹೊತ್ತು ಸಿಗುತ್ತದೆ. ಹೆಲಿಕಾಪ್ಟರು ಅಷ್ಟೂ ಕೊಡುವುದಿಲ್ಲ.

ಸರಿ, 1994ರ ಫೆಬ್ರುವರಿ. ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಗದಗಕ್ಕೆ ಬಂದೆ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿದರು. ನ್ಯಾಯವೇ. ರೋಣದ ಹತ್ತಿರ ನಮ್ಮ ಹೊಲ. ಕಡಲೆ ಕಿತ್ತು ಒಟ್ಟಿದ್ದರು. ಸಗಣಿ ಸಾರಿಸಿದ ಕಣ, ಒಂದು ಹರಳೂ ಇಲ್ಲದ ಸಮತಟ್ಟು. ಪ್ರಪಂಚದಲ್ಲಿ ಅದಕ್ಕಿಂತ ಒಳ್ಳೆಯ ಹೆಲಿಪ್ಯಾಡು ನಾನು ನೋಡಿಲ್ಲ. ಚುನಾವಣೆಯಲ್ಲಿ ನಾಯಕರು ಇಳಿಯಲಿಕ್ಕೆ ಸುಣ್ಣದ ಗೆರೆ ಹಾಕಿ, ಟ್ಯಾಂಕರಿನಿಂದ ನೀರು ಹೊಡೆದು ಮಾಡುತ್ತಾರಲ್ಲ, ಅದು ಇದರ ಮುಂದೆ ಏನೂ ಅಲ್ಲ. ಟ್ರ್ಯಾಕ್ಟರಿನ ಬ್ಯಾಟರಿಗೆ ಸ್ಟಾರ್ಟರು ಹಚ್ಚಿ ಚಾಲೂ ಮಾಡಿದೆ. ಅರ್ಧ ಊರು ನೆರೆಯಿತು. ಯಂತ್ರ ಆಳೆತ್ತರಕ್ಕೆ ಎದ್ದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಒಬ್ಬ ಅಜ್ಜ ಕೇಳಿದ:

"ತಮ್ಮಾ, ಇದು ಎಣ್ಣಿ ಹೊಡೀತದೇನು?"

ಬೆಂಗಳೂರಿನಿಂದ ಬಂದ ಮಕ್ಕಳಿಗೆ ಹೇಳುತ್ತೇನೆ, ಎಣ್ಣಿ ಅಂದರೆ ನಮ್ಮಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕವೂ ಹೌದು. "ಇಲ್ಲಜ್ಜಾ" ಅಂದೆ. "ಮತ್ತ ಏನ್ ಮಾಡ್ತದ?" "ಹಾರ್ತದ." "ಹಾರಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಕ್ಕುಬಿಟ್ಟೆ.

ಅಷ್ಟರಲ್ಲಿ ಹೊಲದಾಚೆಯಿಂದ ಸುಳಿಗಾಳಿ ಎದ್ದಿತು. ಜೋಳದ ಎಲೆ, ಧೂಳು ಎತ್ತಿಕೊಂಡು ಬಂದು ಬಾಲಕ್ಕೆ ಹೊಡೆಯಿತು. ಯಂತ್ರ ಎರಡು ಸುತ್ತು ತಿರುಗಿತು, ನನಗೆ ಎಡ ಬಲ ತಪ್ಪಿತು, ಕಡಲೆಯ ಬಣವೆಗೆ ಹೋಗಿ ಹೊಕ್ಕಿತು. ಎರಡೂ ರೆಕ್ಕೆ ಮುರಿದವು. ಬಾಲದ ಒಂದು ಸ್ಕ್ರೂ ಪಕ್ಕದ ಎರೆಹೊಲದ ಬಿರುಕಿನೊಳಗೆ ಬಿತ್ತು. ಎರೆಭೂಮಿಯ ಬಿರುಕಿಗೆ ಬಿದ್ದದ್ದು ಭೂಮಿಯ ಪಾಲು, ನಿಮಗೆಲ್ಲ ಗೊತ್ತಿದೆ. ಕಡ್ಡಿ ಹಾಕಿ ಕೆದಕಿದೆ, ಇನ್ನೂ ಕೆಳಗೆ ಹೋಯಿತು.

ನನ್ನ ಕಥೆ ಅಸಲು ಶುರುವಾದದ್ದು ಬಿದ್ದ ಮೇಲೆ. ಕೂರಿಗೆ, ಕುಂಟೆ ಮಾಡುವ ಬಡಿಗರೊಬ್ಬರು ಮುರಿದ ರೆಕ್ಕೆಯ ತುಂಡನ್ನು ಬೆರಳಲ್ಲಿ ಸವರಿ ನೋಡಿದರು. ಮುಂದಿನ ಅಂಚು ದುಂಡಗೆ, ಹಿಂದಿನದು ತೆಳ್ಳಗೆ. ಏನೂ ಕೇಳಲಿಲ್ಲ. ಸಂಜೆಗೆ ಎರಡು ಹೊಸ ರೆಕ್ಕೆ ಕೊಟ್ಟರು. ಈಗ ಎರಡರ ತೂಕ ಒಂದೇ ಆಗಬೇಕು. ಯಾಕೆ ಅಂದರೆ ರೆಕ್ಕೆ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರ ತುದಿಯಲ್ಲಿ ಒಂದು ಗ್ರಾಂ ಹೆಚ್ಚಿದ್ದರೆ ಅದು ಒಂದೂವರೆ ಕಿಲೋದಷ್ಟು ಜಗ್ಗುತ್ತದೆ. ಯಂತ್ರ ನಡುಗಿ ನಡುಗಿ ತನ್ನನ್ನೇ ಬಿಚ್ಚಿಕೊಳ್ಳುತ್ತದೆ. ಗಜೇಂದ್ರಗಡದ ಪೇಟೆಗೆ ಒಯ್ದೆ, ಒಬ್ಬ ಅಕ್ಕಸಾಲಿಗರ ಅಂಗಡಿಗೆ. ಅವರು ಬಂಗಾರದ ತಕ್ಕಡಿ ತೆಗೆದು, ದಾರ ಕಟ್ಟಿ, ಎರಡು ಕಡೆ ಎರಡು ರೆಕ್ಕೆ ಇಳಿಬಿಟ್ಟರು. ಹಗುರಾದ ಕಡೆಗೆ ಒಂದೊಂದೇ ಗುಲಗಂಜಿ. ಎಂಟು ಗುಲಗಂಜಿ ಸೇರಿದರೆ ಹೆಚ್ಚುಕಡಿಮೆ ಒಂದು ಗ್ರಾಂ. ಏಳನೆಯದಕ್ಕೆ ಮುಳ್ಳು ನಡುವೆ ನಿಂತಿತು. ಆ ಏಳು ಗುಲಗಂಜಿಯ ತೂಕದಷ್ಟು ಟೇಪು ಕತ್ತರಿಸಿ ರೆಕ್ಕೆಗೆ ಸುತ್ತಿದೆವು. "ಮಜೂರಿ ಎಷ್ಟ್ರಿ?" ಅಂದೆ. "ಹಾರಿಸಿ ತೋರಸ್ರಿ, ಸಾಕು" ಅಂದರು. ಆ ರೆಕ್ಕೆ ಜೋಡಿ ಒಳಗಿದೆ, ಎಡಗಡೆಯ ಮೂರನೆಯ ಮೇಜು. ಟೇಪು ಹಳದಿಯಾಗಿದೆ, ಬಿಚ್ಚಬೇಡಿ.

ಕಿವಿಯ ಮಾತು ಒಂದಿದೆ. ಎಂಜಿನ್ನಿನ ಮಗ್ಗುಲಿಗೆ ಒಂದು ಸೂಜಿ ಇರುತ್ತದೆ, ಇಂಧನ ಎಷ್ಟು ಬಿಡಬೇಕು ಅನ್ನುವುದಕ್ಕೆ. ಅಳೆಯಲು ಮೀಟರಿಲ್ಲ, ಕಿವಿಯೇ ಮೀಟರು. ಹೆಚ್ಚಾದರೆ ಗೊರಗೊರ, ಹೊಗೆ. ಕಡಿಮೆಯಾದರೆ ಕೀರಲು ದನಿ, ಇನ್ನೊಂದು ನಿಮಿಷಕ್ಕೆ ಎಂಜಿನ್ನು ಸುಡುತ್ತದೆ. ನಡುವೆ ಒಂದು ದನಿ ಇದೆ, ಅಲ್ಲಿ ನಿಲ್ಲಿಸಬೇಕು. ಭೀಮಸೇನ ಜೋಶಿಯವರ ಮನೆತನದ ಊರು ರೋಣ. ಆ ಕಡೆಯವರಿಗೆ ಶ್ರುತಿ ಹಿಡಿಯುವುದನ್ನು ನಾನು ಹೇಳಿಕೊಡುವ ಪ್ರಸಂಗವಿಲ್ಲ. ನನ್ನ ಜೊತೆ ಬರುತ್ತಿದ್ದ ಹುಡುಗನೊಬ್ಬ ಬೆನ್ನು ಮಾಡಿ ಕೂತೇ ಸೂಜಿ ಎಷ್ಟು ತಿರುವಬೇಕು ಅಂತ ಹೇಳುತ್ತಿದ್ದ. ಈಗ ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್. ಒಳ್ಳೆಯ ಸಂಪಾದನೆ.

ಗುಡ್ಡದ ಮೇಲೆ ನೋಡಿ, ಗಾಳಿಗಿರಣಿಗಳ ಸಾಲು. ಗಾಳಿ ಜೋರಾದಾಗ ಅವು ರೆಕ್ಕೆಯ ಕೋನವನ್ನು ಬದಲಿಸಿಕೊಂಡು ಗಾಳಿಗೆ ಓರೆಯಾಗುತ್ತವೆ. ನಮ್ಮ ಹೆಲಿಕಾಪ್ಟರಿನ ರೆಕ್ಕೆಯೂ ಹಾಗೇ ಕೋನ ಬದಲಿಸುತ್ತದೆ. ಅದು ಗಾಳಿಯಿಂದ ಇಸಿದುಕೊಳ್ಳುತ್ತದೆ, ಇದು ಗಾಳಿಗೆ ಕೊಡುತ್ತದೆ. ಆದರೆ ನಡುಬಾನಿನಲ್ಲಿ ಎಂಜಿನ್ನು ನಿಂತಾಗ ಹೆಲಿಕಾಪ್ಟರು ಗಾಳಿಗಿರಣಿಯೇ ಆಗುತ್ತದೆ. ರೆಕ್ಕೆಯ ಕೋನ ತಗ್ಗಿಸಿ ಬೀಳಲು ಬಿಡಬೇಕು. ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಇನ್ನೇನು ಒಂದು ಮೀಟರು ಅನ್ನುವಾಗ ಕೋನ ಒಮ್ಮೆಲೇ ಏರಿಸಬೇಕು, ರೆಕ್ಕೆಯಲ್ಲಿ ಉಳಿದ ವೇಗವೆಲ್ಲ ಎತ್ತುವ ಶಕ್ತಿಯಾಗಿ ಯಂತ್ರ ಮೆಲ್ಲಗೆ ಕೂರುತ್ತದೆ. ಒಂದೇ ಅವಕಾಶ. ಬೇಗ ಎತ್ತಿದರೂ ಹೋಯಿತು, ತಡವಾದರೂ ಹೋಯಿತು. ಮೊದಲ ಸಲ ಅದು ಸರಿಯಾದಾಗ ಎಂಜಿನ್ನಿನ ಸದ್ದಿಲ್ಲ, ರೆಕ್ಕೆಯ ಸುಯ್ ಅನ್ನುವ ಸದ್ದೊಂದೇ. ನನ್ನ ಮೊಣಕಾಲು ನಡುಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಮದುವೆಯ ದಿನ ಅಷ್ಟು ನಡುಗಿರಲಿಲ್ಲ.

ಇನ್ನು ಡ್ರೋನುಗಳ ವಿಷಯ. ಹಳಬನನ್ನು ಕರೆದಿದ್ದಾರೆ, ಬೈಯುತ್ತಾನೆ ಅಂತ ಕಾಯುತ್ತಿದ್ದೀರಿ. ಬೈಯುವುದಿಲ್ಲ. ಡ್ರೋನಿನ ಸ್ಟಿಕ್ಕು ಬಿಟ್ಟರೂ ಅದು ಇದ್ದಲ್ಲೇ ನಿಲ್ಲುತ್ತದೆ, ಅದು ಅದರ ದೊಡ್ಡತನ. 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಮೋ ಡ್ರೋನ್ ದೀದಿ ಯೋಜನೆಯ ಗುರಿಯೇ 15,000 ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವುದು, ಬೆಳೆಗೆ ಗೊಬ್ಬರ, ಔಷಧ ಹೊಡೆಯಲಿಕ್ಕೆ. ಆ ಅಜ್ಜ ಕೇಳಿದ ಪ್ರಶ್ನೆಗೆ ಮೂವತ್ತು ವರ್ಷದ ಮೇಲೆ ಹೌದು ಅನ್ನುವ ಉತ್ತರ ಬಂತು, ಹೇಳೋಣ ಅಂದರೆ ಅಜ್ಜ ಇಲ್ಲ. ಮೂರು ತಾಸು ಬೆನ್ನಿಗೆ ಪಂಪು ಹೊತ್ತು ಹೊಡೆಯುವವರ ಮುಂದೆ ನಿಂತು ಫ್ಲೈಬಾರಿನ ಸೊಗಸು ಹೇಳುವಷ್ಟು ದಡ್ಡ ನಾನಲ್ಲ.

ಹಳೆಯದು ಹೊನ್ನು ಅಂತಲೂ ಅನ್ನುವುದಿಲ್ಲ. ಹತ್ತು ನಿಮಿಷ ಹಾರಾಟಕ್ಕೆ ಹದಿನೈದು ದಿನ ರಿಪೇರಿ. ಮೆಥನಾಲಿನ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ರೆಕ್ಕೆ ತಾಗಿದರೆ ಕೈಯಷ್ಟೇ ಅಲ್ಲ, ಜೀವವೇ ಹೋದೀತು. ಒಳಗೆ ಒಂದು ಹಲಗೆಗೆ ಬಟ್ಟೆಯ ಕ್ಲಿಪ್ಪುಗಳನ್ನು ಸಿಕ್ಕಿಸಿಟ್ಟಿದ್ದಾರೆ, ಅದನ್ನು ನೋಡದೆ ಮುಂದೆ ಹೋಗಬೇಡಿ. ಒಂದೊಂದು ಕ್ಲಿಪ್ಪೂ ಒಂದೊಂದು ರೇಡಿಯೊ ತರಂಗ. ನಿಮ್ಮ ತರಂಗದ ಕ್ಲಿಪ್ಪು ಹಲಗೆಯ ಮೇಲಿದ್ದರೆ ಮಾತ್ರ ರಿಮೋಟಿನ ಗುಂಡಿ ಒತ್ತಬಹುದಿತ್ತು. ಇಲ್ಲವಾದರೆ ಅದೇ ತರಂಗದಲ್ಲಿ ಇನ್ನೊಬ್ಬರು ಹಾರಿಸುತ್ತಿದ್ದಾರೆ ಅಂತ ಅರ್ಥ. ಒಂದು ಭಾನುವಾರ ನಾನು ಕ್ಲಿಪ್ಪು ನೋಡದೆ ಗುಂಡಿ ಒತ್ತಿದೆ. ಗೆಳೆಯನ ಯಂತ್ರ ಅವನ ಕೈಬಿಟ್ಟು ಕಲ್ಲಿಗೆ ಬಡಿಯಿತು. ಅವನು ಏನೂ ಅನ್ನಲಿಲ್ಲ, ಚೂರುಗಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಸ್ಕೂಟರ್ ಹತ್ತಿದ. ಆ ಹಲಗೆ ನೋಡಿದರೆ ನನಗೆ ಇವತ್ತಿಗೂ ಬೆವರು ಬರುತ್ತದೆ.

ಕತ್ತರಿಯ ಮಾತಿಗೆ ಬರುತ್ತೇನೆ. ಇದೇ 1994ರ ಯಂತ್ರ, ನನ್ನ ಮುಂದೆ ಮೇಜಿನ ಮೇಲಿದೆ. ರೆಕ್ಕೆ ಬಿಚ್ಚಿ ಒಳಗೆ ಇಟ್ಟಿದ್ದೇನೆ, ಹೆದರಬೇಡಿ. ನಿನ್ನೆ ರಾತ್ರಿ ಎಂಜಿನ್ನು ಬಿಚ್ಚಿ ತೊಳೆದೆ. ಗಟ್ಟಿಯಾಗಿದ್ದ ಔಡಲೆಣ್ಣೆ ಬಿಸಿನೀರಿಗೂ ಜಗ್ಗಲಿಲ್ಲ, ಕೊನೆಗೆ ಸ್ಪಿರಿಟ್ಟಿನಲ್ಲಿ ನೆನೆಸಿದೆ. ಮುಂದಿನ ಸಾಲಿನ ಮಕ್ಕಳು ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಇನ್ನೂ ಹಿಂದೆ. ಬಿಳಿ ಅಂಗಿ ಹಾಕಿಕೊಂಡು ಬಂದ ಗಣ್ಯರು ಗಾಳಿಯ ಆ ಕಡೆ ನಿಲ್ಲುವುದು ಒಳ್ಳೆಯದು, ಕಲೆ ಹೋಗುವುದಿಲ್ಲ. ಮೂರು ಸಲ ನೋಡುತ್ತೇನೆ. ಹತ್ತಲಿಲ್ಲ ಅಂದರೆ ಕತ್ತರಿ ಇದ್ದೇ ಇದೆ.

ಆ ಟ್ರ್ಯಾಕ್ಟರಿನ ಬ್ಯಾಟರಿ ಇತ್ತ ತಾ, ತಮ್ಮಾ. ಕೆಂಪು ವೈರು ಆ ಕಡೆ.