ಮೂರು ತಿಳಿದರೆ ನಾಲ್ಕನೆಯದು

ಅನುಪಾತದ ಲೆಕ್ಕವೆಂದೊಡನೆ ಮಕ್ಕಳ ಮುಖ ಬಾಡುವುದುಂಟು. ಗುಣಾಕಾರ, ಭಾಗಾಕಾರ ಬಾರದೆಂದಲ್ಲ; ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ತೊಡಕಿರುವುದು ಅಂಕಿಯಲ್ಲಲ್ಲ, ಮಾತಿನಲ್ಲಿ.

ಇಂಥ ಲೆಕ್ಕಕ್ಕೆ ನಮ್ಮ ಹಿರಿಯರು ತ್ರೈರಾಶಿಕವೆಂದು ಹೆಸರಿಟ್ಟರು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾರೆ. ತಿಳಿದಿರುವ ಮೂರು ರಾಶಿಗಳೆಂದರೆ ಪ್ರಮಾಣ, ಫಲ, ಇಚ್ಛೆ. 4 ತೆಂಗಿನಕಾಯಿಗೆ 120 ರೂಪಾಯಿಯಾದರೆ 7 ಕಾಯಿಗೆ ಎಷ್ಟು? ಇಲ್ಲಿ 4 ಪ್ರಮಾಣ, 120 ಫಲ, 7 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 210 ರೂಪಾಯಿ.

ಇಷ್ಟೇ ಆಗಿದ್ದರೆ ಸೂತ್ರವನ್ನು ಬಾಯಿಪಾಠ ಮಾಡಿದರೆ ಸಾಕಾಗುತ್ತಿತ್ತು. ಆದರೆ 8 ಆಳುಗಳು 6 ದಿನದಲ್ಲಿ ಕಟ್ಟುವ ಗೋಡೆಯನ್ನು 12 ಆಳುಗಳು ಎಷ್ಟು ದಿನದಲ್ಲಿ ಕಟ್ಟಿಯಾರು? ಅದೇ ಸೂತ್ರ ಹಾಕಿದ ಹುಡುಗ 9 ದಿನ ಎನ್ನುತ್ತಾನೆ. ಆಳು ಹೆಚ್ಚಿದರೆ ದಿನವೂ ಹೆಚ್ಚುವುದೆ? ಇದು ವ್ಯಸ್ತ ತ್ರೈರಾಶಿಕ. ಒಬ್ಬನೇ ಮಾಡಿದ್ದರೆ 48 ದಿನದ ಕೆಲಸ. 12 ಜನಕ್ಕೆ ಹಂಚಿದರೆ 4 ದಿನ. ಆದುದರಿಂದ ಪೆನ್ಸಿಲ್ ಹಿಡಿಯುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಉತ್ತರ ಹೆಚ್ಚಬೇಕೋ, ತಗ್ಗಬೇಕೋ?

ಎರಡನೆಯ ಪ್ರಶ್ನೆಯೂ ಒಂದುಂಟು. ತರಗತಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಇರುವ ಅನುಪಾತ 3:5. ಹುಡುಗಿಯರು 16 ಮಂದಿ ಹೆಚ್ಚು. ಮಕ್ಕಳು ಥಟ್ಟನೆ ಪಾಲುಗಳನ್ನು ಕೂಡಿ 16ನ್ನು 8ರಿಂದ ಭಾಗಿಸುತ್ತಾರೆ. ಆದರೆ ಆ 16 ಒಟ್ಟು ಸಂಖ್ಯೆಯಲ್ಲ, ವ್ಯತ್ಯಾಸ. ಅಂದರೆ 2 ಪಾಲು. ಒಂದು ಪಾಲು 8 ಆಯಿತು. ಹುಡುಗರು 24, ಹುಡುಗಿಯರು 40. ಅಂಕಿ ಎಷ್ಟೆಂದು ನೋಡಿದರೆ ಸಾಲದು, ಅದು ಯಾತರ ಅಂಕಿ ಎಂದೂ ಕೇಳಬೇಕು.

ಇದು ಬರಿಯ ಪರೀಕ್ಷೆಯ ಮಾತಲ್ಲ. ಭೇದಿಯಿಂದ ಬಳಲಿದ ಮಗುವಿಗೆ ಓ.ಆರ್.ಎಸ್. ಪುಡಿ ಕಲಸಿ ಕುಡಿಸುತ್ತೇವೆ. 1 ಲೀಟರು ನೀರಿಗೆಂದು ಗುರುತಿರುವ ಪೊಟ್ಟಣವನ್ನು 200 ಮಿಲಿಲೀಟರಿನ ಲೋಟಕ್ಕೆ ಸುರಿದರೆ ದ್ರಾವಣ 5 ಪಟ್ಟು ಗಾಢವಾಗುತ್ತದೆ. ಉಪ್ಪು ಮಿತಿಮೀರಿ ಮಗುವಿಗೆ ಅಪಾಯವಾದೀತು. 200 ಮಿಲಿಲೀಟರಿಗೆಂದೇ ಸಿಗುವ ಚಿಕ್ಕ ಪೊಟ್ಟಣ ಬೇರೆ ಇದೆ. ಗುರುತನ್ನು ಓದದೆ ಪೊಟ್ಟಣ ಬಿಚ್ಚಬಾರದು.

ಮಕ್ಕಳು ಲೆಕ್ಕಕ್ಕೆ ಕುಳಿತಾಗ ತಾಯಿತಂದೆಯರು “ಉತ್ತರ ಎಷ್ಟು ಬಂತು?” ಎಂದು ಅವಸರಪಡಿಸುವುದು ಬೇಡ. “ಇದು ಯಾತರ ಅಂಕಿ? ಉತ್ತರ ಹೆಚ್ಚಬೇಕೋ, ತಗ್ಗಬೇಕೋ?” ಎಂದು ಕೇಳಿರಿ. ಅಷ್ಟು ತಿಳಿದ ಮೇಲೆ ಉಳಿಯುವುದು ಮಗ್ಗಿಯ ಕೆಲಸ ಮಾತ್ರ.